ಹನುಮಕ್ಕನ ತೋಟಗಳೂ ನನ್ನ ಹೊಟ್ಟೆಕಿಚ್ಚೂ

ಪರ್ಮಾಕಲ್ಚರ್ ಎಂಬ ಶಾಶ್ವತ ಕೃಷಿಯ ವಿದ್ಯೆ ಕಲಿತು ಹಳ್ಳಿಗಳಲ್ಲಿ ಕೈತೋಟ ಮಾಡಿಸುವ ಕೆಲಸಕ್ಕೆ ಈಗ ಹೊಸ ಹೊಸ ಯುವಕ ಯುವತಿಯರು ಬರುತ್ತಿದ್ದಾರೆ. ತರಬೇತಿಯಲ್ಲಿ ಅವರಿಗೆ ಮಣ್ಣು, ನೀರು, ಗಾಳಿ, ಬಿಸಿಲು ಎಲ್ಲವನ್ನೂ ಹೇಳಿಕೊಡುತ್ತಾರೆ. ಮನೆಯ ಹತ್ತಿರ ಯಾವ ಗಿಡ, ದೂರದಲ್ಲಿ ಯಾವ ಗಿಡ, ಒಂದರ ಕಸ ಇನ್ನೊಂದಕ್ಕೆ ಹೇಗೆ ಗೊಬ್ಬರವಾಗುತ್ತದೆ ಎಂದು ಬಣ್ಣದ ಚಿತ್ರ ತೋರಿಸುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರ ತೋಟ ನಮ್ಮ ತೋಟಕ್ಕಿಂತ ಚೆನ್ನಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಮಡಕಶಿರಾ ಮತ್ತು ರಾಯದುರ್ಗ ಸೀಮೆಗಳಲ್ಲಿ ಈ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲವನ್ನು ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೇ ಕಳೆದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ನಿಮಗೆ ಉಪಯೋಗಕ್ಕೆ ಬರುವ ಭಾಗವೇ ತಪ್ಪಿಹೋಗುತ್ತದೆ.

ನನ್ನ ಊರು ಮಡಕಶಿರಾದಿಂದ ಹೇಮಾವತಿ ಎಂಬ ಊರಿಗೆ ಹೋಗುವ ದಾರಿಯಲ್ಲಿದೆ. ಅಪ್ಪ ರಾಗಿ, ಕಡ್ಲೆಕಾಯಿ ಬೆಳೆಯುತ್ತಿದ್ದರು, ಬಾವಿಯ ಪಕ್ಕ ಒಂದಿಷ್ಟು ಹಿಪ್ಪುನೇರಳೆ ಇತ್ತು. ನಾನು ಕೃಷಿ ಡಿಪ್ಲೊಮಾ ಮುಗಿಸಿ ಒಂದು ಸ್ವಯಂಸೇವಾ ಸಂಸ್ಥೆಗೆ ಸೇರಿದೆ. ಅವರು ನನ್ನನ್ನು ಪರ್ಮಾಕಲ್ಚರ್ ತರಬೇತಿಗೆ ಕಳಿಸಿದರು. ಅಲ್ಲಿ ನನ್ನ ನಕ್ಷೆಗಳನ್ನು ಎಲ್ಲರೂ ಹೊಗಳಿದರು. ನನ್ನ ಕೈಬರಹವೂ ಚಿತ್ರವೂ ಚೆನ್ನಾಗಿದ್ದವು, ಅದು ಸುಳ್ಳಲ್ಲ. ಬಣ್ಣದ ಪೆನ್ಸಿಲ್ಲು ಹಿಡಿದರೆ ಕಾಗದದ ಮೇಲೆ ಕಾಡನ್ನೇ ಎಬ್ಬಿಸುತ್ತಿದ್ದೆ. ಹೊರಗಿನ ನೆಲದ ಮೇಲೆ ಎಬ್ಬಿಸುವುದು ಬೇರೆ ಕೆಲಸ ಎಂದು ಆಮೇಲೆ ತಿಳಿಯಿತು.

ಮೊದಲ ಎಡವಟ್ಟು ನನ್ನ ಊರಿನ ಪಕ್ಕದ ಹಳ್ಳಿಯಲ್ಲೇ ಆಯಿತು. ದುಂಡನೆಯ ಮಡಿ ಮಾಡಿದರೆ ನಡುವೆ ನಿಂತು ಎಲ್ಲ ಗಿಡಗಳಿಗೂ ಕೈ ಎಟುಕುತ್ತದೆ ಎಂದು ಕಲಿತು ಬಂದಿದ್ದೆ. ಲಕ್ಷ್ಮಕ್ಕ ಎಂಬವರ ಮನೆಯ ಮುಂದೆ, ಮೂರು ದಾರಿ ಕೂಡುವ ಕಡೆ, ಒಂದು ಖಾಲಿ ಜಾಗವಿತ್ತು. ಸಂಜೆ ಅಲ್ಲಿ ಬೂದಿಯಲ್ಲಿ ದೊಡ್ಡ ವೃತ್ತ ಎಳೆದೆ. ಒಳಗೆ ಇಟ್ಟಿಗೆ ಪುಡಿಯಲ್ಲಿ ಇನ್ನೆರಡು ವೃತ್ತ ಎಳೆದು, ನಟ್ಟನಡುವೆ ಒಂದು ನಿಂಬೆ ಸಸಿ ಇಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಊರಿನವರು ಆ ದಾರಿಯನ್ನೇ ಬಿಟ್ಟು ಹೊಲ ಬಳಸಿಕೊಂಡು ಓಡಾಡುತ್ತಿದ್ದರು. ಲಕ್ಷ್ಮಕ್ಕ ಬಾಗಿಲಲ್ಲಿ ನಿಂತು, "ಸಾ, ಇದ್ನ ಯಾರ್ ಮ್ಯಾಲೆ ಮಾಡ್ಸಿದ್ದೀರಾ? ನಮ್ ಮನೆ ಮ್ಯಾಲಾ, ಪಕ್ಕದ್ ಮನೆ ಮ್ಯಾಲಾ?" ಎಂದರು. ಬೂದಿ, ಕೆಂಪು ಪುಡಿ, ನಿಂಬೆ, ಮೂರು ದಾರಿ. ಮಾಟಕ್ಕೆ ಬೇಕಾದದ್ದೆಲ್ಲವನ್ನೂ ನಾನೇ ಒಂದೂ ಬಿಡದೆ ಜೋಡಿಸಿಟ್ಟಿದ್ದೆ. ಆ ಜಾಗದಲ್ಲಿ ಇವತ್ತಿಗೂ ಯಾರೂ ಏನೂ ಬೆಳೆಯುವುದಿಲ್ಲ.

ಎರಡನೆಯದು ಹೊದಿಕೆಯದು. ನೆಲ ಬರಿದಾಗಿ ಬಿಸಿಲಿಗೆ ಬಿದ್ದಿರಬಾರದು, ಒಣ ಹುಲ್ಲೋ ಸೊಪ್ಪೋ ಹೊದಿಸಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ನಾನು ಹಟ ಹಿಡಿದು ಒಂದು ಮನೆಯವರ ಬಣವೆಯಿಂದ ಕಡ್ಲೆಕಾಯಿ ಹೊಟ್ಟು ಎಳೆದು ತಂದು ಬದನೆ ಸಾಲಿಗೆಲ್ಲ ಹಾಸಿಸಿದೆ. ದನಗಳಿಗೆ ಅದಕ್ಕಿಂತ ಇಷ್ಟದ ಮೇವು ಆ ಸೀಮೆಯಲ್ಲಿ ಇಲ್ಲ. ರೈತನ ಮಗನಾಗಿ ಅದು ನನಗೆ ಗೊತ್ತಿತ್ತು, ಆದರೆ ತರಬೇತಿಯ ಪುಸ್ತಕದಲ್ಲಿ ದನದ ಚಿತ್ರ ಇರಲಿಲ್ಲ. ಎರಡೇ ದಿನದಲ್ಲಿ ಹೊದಿಕೆಯೂ ಹೋಯಿತು, ಬದನೆಯೂ ಹೋಯಿತು. ಮನೆಯೊಡತಿ ಬೈಯಲಿಲ್ಲ. "ನಮ್ ದನ ನಿಮ್ ಹೆಸ್ರೇಳ್ಕಂಡ್ ಉಂಡ್ವು ಬಿಡಿ ಸಾ" ಎಂದರು.

ಇಂಥ ಎಡವಟ್ಟುಗಳಿಂದ ನನಗೆ ಬೇಸರವಾಯಿತೇ ಹೊರತು ಹೊಟ್ಟೆ ಉರಿಯಲಿಲ್ಲ. ಸುತ್ತ ನನಗಿಂತ ಚೆನ್ನಾಗಿ ಮಾಡುವವರು ಯಾರೂ ಇರಲಿಲ್ಲವಲ್ಲ. ಹೊಟ್ಟೆ ಉರಿಯತೊಡಗಿದ್ದು ಸಂಸ್ಥೆ ನನ್ನನ್ನು ರಾಯದುರ್ಗಕ್ಕೆ ಕಳಿಸಿದ ಮೇಲೆ.

ರಾಯದುರ್ಗದಲ್ಲಿ ಮನೆಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಹೊಲಿಗೆ ಮಾಡುವ ಹೆಂಗಸರ ಮನೆಗಳ ಹಿತ್ತಲಲ್ಲಿ ತರಕಾರಿ ಬೆಳೆಸುವುದು ನಮ್ಮ ಯೋಜನೆಯಾಗಿತ್ತು. ಗುಂಡಿ ತೋಡಲು ಕೂಲಿಗೆ ಬಂದವರಲ್ಲಿ ಹನುಮಕ್ಕ ಒಬ್ಬಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಮೇಸ್ತ್ರಿಗಳ ಜೊತೆ ಗಾರೆ ಹೊರುವ ಕೆಲಸ ಮಾಡಿಕೊಂಡಿದ್ದವಳು, ಓದು ಬರಹ ಇಲ್ಲದವಳು. ಮೊದಲ ದಿನವೇ ಅವಳು ಗುಂಡಿಯಲ್ಲಿ ನಿಂತು ಹಾರೆಗೆ ಒರಗಿ ನನ್ನನ್ನು ಕೇಳಿದಳು:

"ಸಾರ್, ಈ ಗಿಡದ ಬೇಲಿ ಯಾತಕ್ರಿ?"

"ಗಾಳಿ ತಡೆಯೋದಕ್ಕೆ" ಎಂದೆ.

"ಗಾಳಿ ಅತ್ತ ಪಡುವಣ ಕಡಿಂದ ಬರ್ತೈತ್ರಿ. ನೀವು ಅದು ಬರೋ ದಾರಿ ಬಿಟ್ಟು ಹೋಗೋ ದಾರಿಗೆ ಬೇಲಿ ಕಟ್ಟಾಕ ಹತ್ತೀರಿ."

ಜೊತೆಯ ಕೂಲಿಯವರು ನಕ್ಕರು. ನಾನು ನಕ್ಷೆ ತಿರುಗಿಸಿ ನೋಡಿದೆ. ಬೇಲಿಯ ಜಾಗವನ್ನು ಪುಸ್ತಕದ ಚಿತ್ರದಿಂದ ಇದ್ದಂತೆಯೇ ಇಳಿಸಿಕೊಂಡಿದ್ದೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ತಿಳಿಯಿತು. "ನೋಡೋಣ" ಎಂದು ಮುಖ ಗಂಟಿಕ್ಕಿಕೊಂಡು ಆಚೆ ಹೋದೆ. ಬೇಲಿಯನ್ನು ಮಾರನೆಯ ದಿನ ಪಡುವಣಕ್ಕೆ ಹಾಕಿಸಿದೆ, ರಾತ್ರಿ ನಾನೇ ಯೋಚಿಸಿ ಕಂಡುಕೊಂಡವನ ಹಾಗೆ.

ಅವಳ ಸ್ವಂತ ಹಿತ್ತಲನ್ನು ನಾನು ನೋಡಿದ್ದು ನಮ್ಮ ಮೇಲಧಿಕಾರಿ ಶಾಲಿನಿ ಮೇಡಂ ಅನಂತಪುರದಿಂದ ಬಂದ ದಿನ. ಮೇಡಂ ಒಳ್ಳೆಯವರು, ಆದರೆ ಯಾರನ್ನೂ ಮುಖದ ಮೇಲೆ ಹೊಗಳುತ್ತಿರಲಿಲ್ಲ. ನಾನು ಅವರಿಗಾಗಿ ಹನ್ನೆರಡು ಹಾಳೆ ನಕ್ಷೆ ಸಿದ್ಧಮಾಡಿ ಜೀಪಿನಲ್ಲಿ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಹನುಮಕ್ಕನ ಮನೆ ಸಿಕ್ಕಿತು. ಮೇಡಂ ನೀರು ಕುಡಿಯಲೆಂದು ಇಳಿದವರು ಹಿತ್ತಲಿಗೆ ಹೋದರು.

ಅಲ್ಲಿ ಪಡುವಣ ಕಡೆಗೆ ಮೊಣಕಾಲೆತ್ತರದ ಒಂದು ವಿಚಿತ್ರ ಗೋಡೆ ಇತ್ತು. ಕೆಟ್ಟುಹೋಗಿ ಬಿಸಾಡಿದ ಜೀನ್ಸ್ ಪ್ಯಾಂಟುಗಳ ಕಾಲುಗಳಿಗೆ ಮಣ್ಣು ತುಂಬಿ, ಬಾಯಿ ಹೊಲಿದು, ಒಂದರ ಮೇಲೊಂದು ಪೇರಿಸಿದ್ದಳು. ಅದರ ಮರೆಯಲ್ಲಿ ಪುಂಡಿಪಲ್ಯದ ಹುಳಿಸೊಪ್ಪು, ಬದನೆ, ಹೀರೆ ಬಳ್ಳಿ, ನುಗ್ಗೆ. ಪ್ರತಿ ಗಿಡದ ಬುಡದಲ್ಲೂ ಒಂದೊಂದು ಹಳೆಯ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂತಿದ್ದಳು. ಗಡಿಗೆಯ ತಳಕ್ಕೆ ತೂತು ಮಾಡಿ ಜೀನ್ಸ್ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ತುರುಕಿದ್ದಳು. ಆ ಪಟ್ಟಿ ನೀರನ್ನು ಹೀರಿ ಹನಿಹನಿಯಾಗಿ ಬೇರಿಗೆ ಕೊಡುತ್ತಿತ್ತು. ಎರಡು ಬಿಂದಿಗೆ ನೀರಿನಲ್ಲಿ ಒಂದು ವಾರ ಹಿತ್ತಲು ಹಸಿರಾಗಿರುತ್ತಿತ್ತು.

ಮೇಡಂ ತೆಲುಗಿನಲ್ಲಿ "ಎವರು ಚೇಶಾರು ಇದಿ?" ಎಂದು ಕೇಳಿದರು. ಯಾರು ಮಾಡಿದ್ದು ಎಂಬ ಆ ಪ್ರಶ್ನೆಗೆ ಹನುಮಕ್ಕ ನಾಚಿಕೊಂಡು, "ನಾನ ಮಾಡ್ಕೊಂಡೀನ್ರಿ, ಮೇಡಮ್ಮ. ಚಿಂದಿ ಸುಮ್ನ ಬಿದ್ದಿತ್ತು" ಎಂದಳು. ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತು ಒಂದೂವರೆ ಗಂಟೆ ಮಾತಾಡಿದರು, ಎರಡು ಸಲ ಚಹಾ ಕುಡಿದರು. ನನ್ನ ಹನ್ನೆರಡು ಹಾಳೆಗಳು ಜೀಪಿನಲ್ಲೇ ಉಳಿದವು. ಹೊರಡುವಾಗ ಮೇಡಂ ನನ್ನ ಕಡೆ ತಿರುಗಿ, ಈಕೆಯನ್ನು ಕೂಲಿಯಿಂದ ಬಿಡಿಸಿ ಕ್ಷೇತ್ರ ಕಾರ್ಯಕರ್ತೆಯಾಗಿ ತೆಗೆದುಕೊಳ್ಳಿ ಎಂದರು. ನಾನು ತಲೆಯಾಡಿಸಿದೆ. ಎದೆಯಲ್ಲಿ ಏನೋ ಕಚ್ಚಿ ಹಿಡಿದುಕೊಂಡಂತಾಯಿತು, ಅದು ಬಹಳ ವರ್ಷ ಬಿಡಲಿಲ್ಲ.

ಹೊಟ್ಟೆಕಿಚ್ಚು ಎಷ್ಟು ದುಡಿಸುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಕಾರ್ಯಕರ್ತೆಯಾದ ಮೇಲೆ ಅವಳು ಮಾಡಿಸಿದ ತೋಟಗಳಿಗೆ ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ, ನಾನು ಮಾಡಿಸಿದವಕ್ಕೆ ಒಂದು ಸಲ. ಅವಳ ಬದನೆಗೆ ಹುಳ ಬಿದ್ದಿದೆಯೇ ಎಂದು ಎಲೆ ಮಗುಚಿ ನೋಡುತ್ತಿದ್ದೆ. ಬಿದ್ದಿದ್ದರೆ ಆ ದಿನ ಊಟ ರುಚಿಸುತ್ತಿತ್ತು. ಬಿದ್ದಿಲ್ಲದಿದ್ದರೆ ಸಾಲು ನೇರ ಇಲ್ಲ, ಗಿಡಕ್ಕೆ ಹೆಸರಿನ ಹಲಗೆ ಹಾಕಿಲ್ಲ, ನಕ್ಷೆ ಬರೆದಿಲ್ಲ ಎಂದು ಏನಾದರೊಂದು ಕೊಂಕು ತೆಗೆಯುತ್ತಿದ್ದೆ. ಅವಳು "ಹೌದ್ರಿ ಸಾರ್, ನಕ್ಷಿ ನನಗ ಬರಾಂಗಿಲ್ಲ" ಎಂದು ಒಪ್ಪಿಕೊಳ್ಳುತ್ತಿದ್ದಳು. ಅವಳು ಜಗಳವಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆಮೇಲೆ ಫೋನುಗಳು ಬಂದವು. ಮೊದಲು ನಾವು ಹಳ್ಳಿಗೆ ಹೋಗಿ ಹೇಳಿ ಬರಬೇಕಿತ್ತು. ಈಗ ಹೆಂಗಸರೆಲ್ಲ ವಾಟ್ಸಾಪ್ ಗುಂಪಿಗೆ ಸೇರಿದರು. ಎಲೆ ಹಳದಿಯಾದರೆ ಫೋಟೋ ಹಾಕುತ್ತಿದ್ದರು. ನಾನು ಕೂತು ಉದ್ದುದ್ದ ಉತ್ತರ ಟೈಪು ಮಾಡುತ್ತಿದ್ದೆ. ಹನುಮಕ್ಕನಿಗೆ ಬರೆಯಲು ಬಾರದು, ಅವಳು ಧ್ವನಿ ಕಳಿಸುತ್ತಿದ್ದಳು. "ಏನಾಗಿಲ್ಲ ಬಿಡ್ರೆವ್ವ, ನೀರ್ ಹೆಚ್ಚಾಗೈತಿ, ನಾಕ್ ದಿನ ಸುಮ್ನಿರ್ರಿ." ಅಷ್ಟೇ. ಅವಳಿಗೆ ಗುಲಾಬಿ ಹೂ, ಕೈಮುಗಿಯುವ ಚಿತ್ರ, ನಗುಮುಖ ಸಾಲುಸಾಲಾಗಿ ಬರುತ್ತಿದ್ದವು. ನನ್ನ ಉತ್ತರಕ್ಕೆ ಯಾರೋ ಒಬ್ಬರು ಹೆಬ್ಬೆಟ್ಟು ಎತ್ತುತ್ತಿದ್ದರು. ನಾನು ಎಣಿಸುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಎಣಿಸುತ್ತಿದ್ದೆ.

ನನ್ನ ಹೆಂಡತಿ ಗೌರಮ್ಮ ಮಡಕಶಿರಾ ಕಡೆಯವಳು, ಕಡ್ಡಿ ಮುರಿದಂತೆ ಮಾತಾಡುವವಳು. ಒಂದು ದಿನ ಊಟ ಬಡಿಸುತ್ತಾ ಕೇಳಿದಳು: "ಇವತ್ತು ಹನುಮಕ್ಕ ಏನ್ ತಪ್ಪು ಮಾಡುದ್ಲು?"

"ಏನೂ ಮಾಡಿಲ್ಲ."

"ಅದ್ಕೇ ಮುಖ ಹಿಂಗೈತೆ."

ನಾನು ಅನ್ನಕ್ಕೆ ಸಾರು ಸಾಲದು ಎಂದು ಮಾತು ತಿರುಗಿಸಿದೆ.

ಸಂಸ್ಥೆ ಒಂದು ಕೈಪಿಡಿ ಬರೆಯಲು ನನಗೆ ಹೇಳಿತು. ಬರೆದೆ. ಗಡಿಗೆ ಮತ್ತು ಜೀನ್ಸ್ ಪಟ್ಟಿಯ ಉಪಾಯಕ್ಕೆ ಎರಡು ಪುಟ ಕೊಟ್ಟೆ, ಚಿತ್ರ ಬಿಡಿಸಿದೆ. "ನಮ್ಮ ಪ್ರಯೋಗಗಳಲ್ಲಿ ಕಂಡುಕೊಂಡ ವಿಧಾನ" ಎಂದು ಬರೆದೆ. ಹನುಮಕ್ಕ ಎಂಬ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅಚ್ಚಾಗಿ ಬಂದಾಗ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಹಿಡಿದು, "ಒಂದೀಟು ಓದಿ ಹೇಳ್ರಿ ಸಾರ್" ಎಂದಳು. ಗಡಿಗೆಯ ಪುಟವನ್ನೇ ಓದಿಸಿಕೊಂಡಳು. ಅವಳು ಕೇಳಿ ಮುಗಿಸಿ, "ಚಂದ ಬರದೀರಿ. ನಾವ್ ಮಾಡಿದ್ದು ಹಿಂಗ್ ಹೇಳಾಕ ನಮಗ ಬರಾಂಗಿಲ್ಲ" ಎಂದಳು. ನೀವು ಈ ಕೆಲಸದಲ್ಲಿ ಏನನ್ನಾದರೂ ಬರೆಯುವಾಗ ಹೆಸರು ಬರೆಯಿರಿ. ಬರೆಯದೆ ಬಿಟ್ಟರೆ ಯಾರೂ ಹಿಡಿಯುವುದಿಲ್ಲ, ಆ ಹೆದರಿಕೆ ಬೇಡ. ಆದರೆ ಆ ಪುಟ ನಿಮ್ಮ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೆಳುಗುಪ್ಪ ದಾರಿಯ ಒಂದು ಹಳ್ಳಿಯ ಸಂಗತಿ. ಅಲ್ಲಿ ಹದಿನಾಲ್ಕು ಮನೆಯ ಹೆಂಗಸರು ಸೇರಿ ಒಂದೇ ಕಡೆ ತರಕಾರಿ ಬೆಳೆದು ಹಂಚಿಕೊಳ್ಳಬೇಕೆಂದು ಆಸೆಪಟ್ಟರು. ಯಾರಿಗೂ ಹಿತ್ತಲು ಇರಲಿಲ್ಲ, ಹೆಚ್ಚಿನವರು ಕೂಲಿಗೆ ಹೋಗುವವರು. ಊರಿನ ಪಂಪನಗೌಡರು ತಮ್ಮ ಒಂದು ಎಕರೆ ಬೀಳು ನೆಲ ಕೊಟ್ಟರು, ಒಂದು ಮಾತಿನ ಮೇಲೆ. ದೀಪಾವಳಿಗೆ ಬಂದು ನೋಡುತ್ತೇನೆ, ತೋಟ ಹಸಿರಾಗಿದ್ದರೆ ಹತ್ತು ವರ್ಷಕ್ಕೆ ಬರೆದುಕೊಡುತ್ತೇನೆ, ಇಲ್ಲದಿದ್ದರೆ ಇಟ್ಟಿಗೆ ಸುಡುವವರು ಕೇಳುತ್ತಿದ್ದಾರೆ, ಅವರಿಗೆ ಕೊಡುತ್ತೇನೆ ಎಂದರು. ಇಟ್ಟಿಗೆಯವರು ಮೇಲ್ಮಣ್ಣು ತೆಗೆದರೆ ಆ ನೆಲದಲ್ಲಿ ಮತ್ತೆ ಏನೂ ಬೆಳೆಯದು. ಹೆಂಗಸರ ಗುಂಪಿಗೆ ಹಿರಿಯಳಾದ ಮಲ್ಲಮ್ಮ, "ನಮ್ಮ ಹೆಸರಿನಾಗ ಇಷ್ಟ್ ನೆಲ ಇದುವರ್ಗೂ ಇರಲಿಲ್ಲರಿ" ಎಂದು ಮೊದಲ ದಿನವೇ ಹೇಳಿದ್ದಳು.

ನೆಲ ಇಳಿಜಾರಾಗಿತ್ತು. ಇಂಥ ಕಡೆ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಟ್ರೆಂಚು ತೋಡಿ, ತೆಗೆದ ಮಣ್ಣನ್ನು ಕೆಳಗಡೆ ಬದುವಾಗಿ ಹಾಕಬೇಕು. ಆಗ ಮಳೆಯ ನೀರು ಓಡದೆ ನಿಂತು ಇಂಗುತ್ತದೆ. ಮಟ್ಟ ಹಿಡಿಯಲು ನಮ್ಮ ಬಳಿ ಎ ಫ್ರೇಮ್ ಇತ್ತು: ಇಂಗ್ಲಿಷಿನ ಎ ಅಕ್ಷರದ ಆಕಾರಕ್ಕೆ ಮೂರು ಕೋಲು ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲೊಂದನ್ನು ಇಳಿಬಿಟ್ಟ ಸಾಧನ. ದಾರ ಅಡ್ಡಕೋಲಿನ ನಡುವಿನ ಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದು ಅರ್ಥ. ಆಷಾಢದಲ್ಲಿ ನಾನು ಅದನ್ನು ಹಿಡಿದು ಪಡುವಣದಿಂದ ಮೂಡಣಕ್ಕೆ ಗೆರೆ ಹಾಕುತ್ತಾ ಹೋದೆ. ನಕ್ಷೆ ಬಿಡಿಸಿ ಬಣ್ಣ ತುಂಬಿ ಅನಂತಪುರಕ್ಕೆ ಕಳಿಸಿದೆ. ಶಾಲಿನಿ ಮೇಡಂ ಅದನ್ನು ಆಫೀಸಿನ ಗೋಡೆಗೆ ಅಂಟಿಸಿ, ಅದರ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿದರು. ಅಷ್ಟು ವರ್ಷದಲ್ಲಿ ನನ್ನ ನಕ್ಷೆಯೊಂದು ಗೋಡೆ ಏರಿದ್ದು ಅದೇ ಮೊದಲು. ಆ ದಿನ ಗುಲಾಬಿ ಹೂಗಳು ನನಗೆ ಬಂದವು.

ಮಾರನೆಯ ದಿನ ಹನುಮಕ್ಕ ಗೆರೆಯ ಮೇಲೆ ನಡೆದು ನೋಡಿ ಬಂದು ಮೆತ್ತಗೆ ಹೇಳಿದಳು: "ಸಾರ್, ಪಡುವಣ ತುದಿ ತಗ್ಗು ಕಾಣಸ್ತೈತ್ರಿ. ಗಾಳಿ ಹೊತ್ತಿನಾಗ ಆ ಕಲ್ಲು ನಿಂತಲ್ಲಿ ನಿಲ್ಲಾಂಗಿಲ್ಲ. ನೀರಿನ ಪೈಪ್ ಹಿಡದು ಒಂದ್ಸಲ ನೋಡೂಣ್ರಿ."

ನೀರಿನ ಪೈಪು ಎಂದರೆ ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡುವ, ಒಳಗಿನ ನೀರು ಕಾಣುವ ಉದ್ದನೆಯ ಪೈಪು. ಎರಡು ತುದಿಯ ನೀರು ಯಾವಾಗಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅದಕ್ಕೆ ಗಾಳಿಯ ಗೊಡವೆ ಇಲ್ಲ. ಗಾರೆ ಹೊರುತ್ತಿದ್ದ ಕಾಲದಿಂದ ಅವಳ ಹತ್ತಿರ ಅದು ಇತ್ತು. ನಾನು, "ನಕ್ಷೆ ಆಫೀಸಿಗೆ ಹೋಗಿದೆ ಹನುಮಕ್ಕ. ಮೇಡಂ ಒಪ್ಪಿದ್ದಾರೆ" ಎಂದೆ. ಅವಳು ಮತ್ತೆ ಒತ್ತಾಯಿಸದೆ ಕೆಲಸಕ್ಕೆ ಹೋದಳು.

ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಮರುದಿನ ಬೆಳಗಾಗುತ್ತಲೇ, ಹೆಂಗಸರು ಬರುವ ಮೊದಲು, ಸಾಮಾನಿನ ಗುಡಿಸಲಿನಿಂದ ಅವಳ ಪೈಪು ತೆಗೆದು ನೀರು ತುಂಬಿಸಿದೆ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದನ್ನು ಹಿಡಿದು ಪಡುವಣ ತುದಿಯವರೆಗೂ ಅಳೆದೆ. ಅವಳು ಹೇಳಿದ್ದೇ ಸರಿ. ಪಡುವಣದ ಗಾಳಿ ಕಲ್ಲನ್ನು ಮೂಡಣಕ್ಕೆ ತಳ್ಳುತ್ತಿತ್ತು. ಮೂಡಣದ ಕಾಲು ತಗ್ಗಿನಲ್ಲಿದೆ ಎಂದುಕೊಂಡು ಪ್ರತಿ ಹೆಜ್ಜೆಗೂ ಅದನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ಒಯ್ದಿದ್ದೆ. ಪಡುವಣ ತುದಿ ಒಂದು ಗೇಣಿಗಿಂತ ಹೆಚ್ಚು ತಗ್ಗಿನಲ್ಲಿತ್ತು. ಬಿದ್ದ ನೀರೆಲ್ಲ ಅಲ್ಲಿಗೇ ಓಡಿ ಬದುವನ್ನು ಒಡೆಯುವುದು ಖಂಡಿತವಾಗಿತ್ತು.

ಪೈಪು ಸುತ್ತಿ ಇದ್ದ ಜಾಗದಲ್ಲಿಟ್ಟೆ. ಹೆಂಗಸರು ಬಂದ ಮೇಲೆ ನನ್ನ ಗೆರೆಯ ಮೇಲೆಯೇ ತೋಡಲು ಹೇಳಿದೆ. ಮರೆವಲ್ಲ, ಅವಸರವಲ್ಲ. ಗೋಡೆಯ ಮೇಲಿನ ನಕ್ಷೆ ತಪ್ಪು, ಹನುಮಕ್ಕ ಹೇಳಿದ್ದು ಸರಿ ಎಂದು ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ, ಅಷ್ಟೇ. ಈ ಸಲ ಮಳೆ ಜೋರಾಗಿ ಬರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಎರಡು ತಾಸು ಮಳೆ ಸುರಿಯಿತು. ನಾವು ಓಡಿ ಹೋಗುವ ಹೊತ್ತಿಗೆ ಪಡುವಣ ತುದಿಯ ಬದು ಒಡೆದು ಹೋಗಿತ್ತು. ಅದರ ಕೆಳಗೆ ಸಸಿಮಡಿ ಇತ್ತು. ಸಸಿಗಳು, ಹೂತಿದ್ದ ಗಡಿಗೆಗಳು, ಹೆಂಗಸರು ಎರಡು ತಿಂಗಳು ತಲೆಯ ಮೇಲೆ ಹೊತ್ತು ಹಾಕಿದ್ದ ಗೊಬ್ಬರ ಎಲ್ಲವೂ ಹಳ್ಳ ಸೇರಿದ್ದವು. ಮಲ್ಲಮ್ಮ ಕೆಸರಿನಲ್ಲಿ ಕೂತು ಒಡೆದ ಗಡಿಗೆಯ ಚೂರುಗಳನ್ನು ಆರಿಸಿ ಒಂದು ಕಡೆ ಇಡುತ್ತಿದ್ದಳು. ಅವುಗಳಿಂದ ಯಾವ ಪ್ರಯೋಜನವೂ ಇರಲಿಲ್ಲ. ದೀಪಾವಳಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಹನುಮಕ್ಕ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಬೈಯಲಿ, ನಾನೂ ನಾಲ್ಕು ಮಾತು ಆಡುತ್ತೇನೆ ಎಂದು ಒಳಗೊಳಗೇ ಸಿದ್ಧನಾಗಿದ್ದೆ. ಅವಳು ಕೇಳಿದ್ದು ಬೇರೆ.

"ಎಲ್ಲಿ ತಪ್ಪಿತ್ರಿ ಸಾರ್? ತೋಡಾಕ ಹತ್ತಿದ ದಿನ ಪೈಪಿನಾಗ ನೀರಿತ್ತು. ನಾನು ನೀರ್ ಬಸೀಲಾರ್ದ ಇಡಾಂಗಿಲ್ಲ, ಪಾಚಿ ಕಟ್ತೈತಿ ಅಂತ. ಸಾರ್ ತಾವ ಅಳದು ನೋಡ್ಯಾರ, ತಪ್ಪಿದ್ರ ಹೇಳ್ತಿದ್ರು, ನನ್ನ ಕಣ್ಣೇ ತಪ್ಪು ಅಂತ ನಾನು ಸುಮ್ನಾದೆ."

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ನಾನು ಅಳೆದಿದ್ದು ಅವಳಿಗೆ ಗೊತ್ತಿತ್ತು, ಅಳೆದ ಮೇಲೂ ಒಬ್ಬ ಮನುಷ್ಯ ಸುಳ್ಳು ಗೆರೆಯನ್ನು ಉಳಿಸಿಕೊಳ್ಳಬಹುದು ಎಂಬುದು ಮಾತ್ರ ಅವಳಿಗೆ ಹೊಳೆದೇ ಇರಲಿಲ್ಲ. ಹನ್ನೊಂದು ವರ್ಷ ನಾನು ಅವಳಲ್ಲಿ ತಪ್ಪು ಹುಡುಕಿದ್ದೆ. ಅವಳು ನನ್ನನ್ನು ನಂಬಿ ತನ್ನ ಕಣ್ಣನ್ನೇ ಅನುಮಾನಿಸಿದ್ದಳು. ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

ಎರಡು ದಿನದ ಮೇಲೆ ಶಾಲಿನಿ ಮೇಡಂ ಬಂದರು. ಹದಿನಾಲ್ಕು ಹೆಂಗಸರೂ ಸೇರಿದರು. ಮೇಡಂ ಏನಾಯಿತು ಎಂದು ಕೇಳಿದರು. ಹನುಮಕ್ಕ, "ಮಳಿ ಭಾಳ ಆತ್ರಿ" ಎಂದು ಶುರು ಮಾಡಿದಳು. ನಾನು ಎದ್ದು ನಿಂತು, ಮಳೆಯದಲ್ಲ, ನನ್ನದು ಎಂದೆ. ಗೆರೆ ತಪ್ಪಾಗಿತ್ತು, ಹನುಮಕ್ಕ ಹೇಳಿದ್ದಳು, ನಾನು ಕದ್ದು ಅಳೆದು ನೋಡಿದ್ದೆ, ಗೊತ್ತಿದ್ದೂ ಹೇಳಲಿಲ್ಲ, ಅವಳ ಮಾತು ಸರಿಯಾಯಿತಲ್ಲ ಎಂಬ ಹೊಟ್ಟೆಕಿಚ್ಚಿಗೆ ಹೇಳಲಿಲ್ಲ ಎಂದೆ. ಕೈಪಿಡಿಯ ಮಾತನ್ನೂ ಅಲ್ಲೇ ಹೇಳಿದೆ. ಅವರು ಮಣ್ಣು ತೂರಿಯಾರು, ಇಲ್ಲವೇ ಯಾರಾದರೂ ಅತ್ತಾರು ಎಂದುಕೊಂಡಿದ್ದೆ.

ಮಲ್ಲಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಆಚೆ ತಿರುಗಿ, "ಹನುಮಕ್ಕ, ಈಗೆಲ್ಲಿ ಅಗೀಬೇಕು ಹೇಳು" ಎಂದಳು. ಎಲ್ಲರೂ ಎದ್ದು ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಹೋದರು. ಮೇಡಂ ಕೂಡ ಹೋದರು. ನನ್ನ ಬದುಕಿನಲ್ಲಿ ನಾನು ಆಡಿದ ಅತಿ ಕಷ್ಟದ ಮಾತಿಗೆ ಸಿಕ್ಕಿದ ಸಮಯ ಅಷ್ಟೇ. ನಂಬಿದರೆ ನಂಬಿ, ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು. ತಪ್ಪೊಪ್ಪಿಕೊಂಡವನು ನಾನು, ಅವರೆಲ್ಲ ನೋಡುತ್ತಿದ್ದದ್ದು ಅವಳನ್ನು.

ಸ್ವಲ್ಪ ಹೊತ್ತಿಗೆ ಹನುಮಕ್ಕ ತಿರುಗಿ ಬಂದಳು. ಮುಖ ಬಿಗಿದಿತ್ತು. "ಪೈಪಿನ ಆ ತುದಿ ಹಿಡೀರಿ" ಎಂದಳು. ಸಾರ್ ಎನ್ನಲಿಲ್ಲ. ನಾನು ಹಿಡಿದೆ. ಮೂರು ದಿನ ಅವಳು ಒಂದು ತುದಿ, ನಾನು ಒಂದು ತುದಿ. "ಮ್ಯಾಲ... ಇನ್ನೊಂಚೂರು... ನಿಲ್ರಿ" ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಟ್ರೆಂಚನ್ನು ಹೊಸದಾಗಿ ತೋಡಿದೆವು. ಮೂಡಣ ತುದಿಯಲ್ಲಿ ಹೆಚ್ಚಿನ ನೀರು ಹೊರಹೋಗಲು ಕಲ್ಲು ಹಾಸಿ ದಾರಿ ಬಿಟ್ಟಳು, ಅದು ನನ್ನ ಯಾವ ನಕ್ಷೆಯಲ್ಲೂ ಇರಲಿಲ್ಲ. ನಾನು ದಿನವೂ ಸಲಿಕೆ ಹಿಡಿದು ಹೆಂಗಸರ ಜೊತೆ ಮಣ್ಣೆತ್ತಿದೆ. ಬೇಗ ಬರುವ ಮೆಂತ್ಯ, ಪುಂಡಿ, ರಾಜಗಿರಿ ಸೊಪ್ಪು, ಅಲ್ಲಿ ಚವಳಿ ಎನ್ನುವ ಗೋರಿಕಾಯಿ ಬಿತ್ತಿದೆವು. ಗಡಿಗೆಗಳನ್ನು ಊರ ಮನೆಮನೆಯಿಂದ ಬೇಡಿ ತಂದೆವು. ಆಶ್ವೀಜದಲ್ಲಿ ಮತ್ತೆ ಮಳೆ ಬಂತು. ಟ್ರೆಂಚಿನ ತುಂಬ ನೀರು ಒಂದೇ ಮಟ್ಟದಲ್ಲಿ ನಿಂತಿತು, ಬದು ಕದಲಲಿಲ್ಲ. ಆ ನೀರನ್ನು ನೋಡುತ್ತಾ ಅವಳು ಮತ್ತೆ ಮೊದಲ ಸಲ, "ನಿಂತೈತ್ರಿ ಸಾರ್" ಎಂದಳು.

ದೀಪಾವಳಿಯ ಮಾರನೆಯ ದಿನ ಪಂಪನಗೌಡರು ಬಂದರು. ಜೊತೆಯಲ್ಲಿ ಊರಿನ ನಾಲ್ಕು ಜನ, ಒಂದು ಹಾರ, ಒಂದು ಶಾಲು. ತೋಟ ಸುತ್ತಿ ನೋಡಿದರು, ಚವಳಿಕಾಯಿ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಹತ್ತು ವರ್ಷದ ಕಾಗದಕ್ಕೆ ಸಹಿ ಮಾಡಿ ಮಲ್ಲಮ್ಮನ ಕೈಗೆ ಕೊಟ್ಟರು. ಆಮೇಲೆ ಶಾಲನ್ನು ಬಿಡಿಸಿ ನೇರವಾಗಿ ನನ್ನ ಕಡೆ ಬಂದರು.

"ಓದಿದೋರು ಇರಬೇಕ್ರಿ ಊರಿಗೆ. ನೀವು ಬಂದಿದ್ದಕ್ಕ ಈ ಬೀಳು ತ್ವಾಟ ಆತು" ಎಂದು ನನ್ನ ಹೆಗಲಿಗೆ ಹೊದಿಸಿದರು.

ಎಷ್ಟೋ ವರ್ಷ ನಾನು ಬಯಸಿದ್ದು ಅದನ್ನೇ, ಹನುಮಕ್ಕನ ಕಣ್ಣೆದುರಿಗೇ ಬಯಸಿದ್ದು. "ಇದು ನನ್ನದಲ್ಲ ಗೌಡ್ರೆ. ನಾನು ಕೆಡಿಸಿದ್ದನ್ನ ಹನುಮಕ್ಕ ಸರಿಮಾಡಿದಳು. ಈ ಶಾಲು ಅವಳಿಗೆ ಹೋಗಬೇಕು" ಎಂದೆ. ಗೌಡರು ಪಕ್ಕದವರ ಕಡೆ ತಿರುಗಿ ಮೆಚ್ಚಿಕೆಯಿಂದ ನಕ್ಕು, "ನೋಡಿದ್ರೇನು? ದೊಡ್ಡ ಮನಸ್ಸಿನೋರು ಹಿಂಗ ಅಂತಾರ" ಎಂದರು. ಬಂದವರು ಚಪ್ಪಾಳೆ ತಟ್ಟಿದರು. ನಾನು ಮತ್ತೆ ಹೇಳಿದೆ. ಇನ್ನೂ ಜೋರಾಗಿ ತಟ್ಟಿದರು. ನಿಜ ಹೇಳಿದಷ್ಟೂ ನನ್ನ ಮರ್ಯಾದೆ ಏರುತ್ತಾ ಹೋಯಿತು.

ಶಾಲು ತೆಗೆದು ಕೈಯಲ್ಲಿ ಹಿಡಿದು ಹನುಮಕ್ಕನ ಹತ್ತಿರ ಹೋದೆ. ಅವಳು ಹೀರೆ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುತ್ತಿದ್ದಳು. ಕೈಯಲ್ಲಿ ಮಣ್ಣಿತ್ತು. ಶಾಲನ್ನು ಮುಟ್ಟಲಿಲ್ಲ.

"ಇರ್ಲಿ ತಗೊಳ್ರಿ ಸಾರ್" ಎಂದಳು. "ನನಗ ತ್ವಾಟ ಐತಿ."

ಚುಚ್ಚುವುದಕ್ಕೆಂದು ಹೇಳಿದ ಮಾತಲ್ಲ ಅದು. ಹೇಳಿ ಮತ್ತೆ ಬಳ್ಳಿಯ ಕಡೆ ತಿರುಗಿದಳು. ಆ ಶಾಲು ಈಗ ನಮ್ಮ ಬೀರುವಿನಲ್ಲಿದೆ. ನಾನು ನಿವೃತ್ತನಾಗಿ ಮಡಕಶಿರಾಕ್ಕೆ ಹಿಂತಿರುಗಿದ್ದೇನೆ. ಅವಳ ತೋಟಗಳ ಮೇಲೆ, ಗುಲಾಬಿ ಹೂಗಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಎಂದೋ ಆರಿದೆ. ಆ ಒಂದು ಮಾತಿನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ. ಇಷ್ಟು ವರ್ಷದಲ್ಲಿ ನೂರಾರು ತೋಟಗಳ ನಕ್ಷೆ ಬರೆದೆ. ನನಗೆ ತೋಟ ಇದೆ ಎಂದು ಹಾಗೆ ಹೇಳಬಹುದಾದ ತೋಟ ಅವುಗಳಲ್ಲಿ ಒಂದೂ ಇರಲಿಲ್ಲ.